ಪಿಸುಮಾತಿನ ಆಂಪ್ಲಿಫೈಯರ್

ಶಾಂಭವಿಯನ್ನು ನೋಡಲು ಗಂಡಿನ ಕಡೆಯವರು ಬರುವ ದಿನವೇ ಅವಳ ಸೋದರಮಾವ ಮರುಳಸಿದ್ದಪ್ಪ ತನ್ನ ಹಳೆಯ ಕಾರಿಗೆ ಹೊಸ ಆಂಪ್ಲಿಫೈಯರ್ ಕೂರಿಸಿ ಮುಗಿಸಿದ. ದಪ್ಪ ದನಿಗೆ ಬಾಗಿಲುಗಳಲ್ಲಿ ವೂಫರ್, ಸಣ್ಣ ದನಿಗೆ ಮುಂದಿನ ಗಾಜಿನ ಕೆಳಗೆ ಟ್ವೀಟರ್, ಸೀಟಿನಡಿ ಇಟ್ಟಿಗೆಯಂಥ ಡಬ್ಬ.

“ಬೇರೆಯವರು ಸ್ಕ್ರೂ ತಿರುಗಿಸಿ ತಿರುಗಿಸಿ ಟ್ಯೂನ್ ಮಾಡ್ತಾರೆ. ಇದು ತಾನೇ ಮಾಡ್ಕೊಳ್ಳುತ್ತೆ. ಕಾರೊಳಗೆ ಯಾವ ದನಿ ಸಣ್ಣಗಿದ್ರೂ ಮೈಕಲ್ಲಿ ಹಿಡಿದು ಎತ್ತುತ್ತೆ.”

“ಹೋದ ಸಲ ದೋಸೆ ಮಗುಚೋ ಮೆಷಿನ್ ಅಂತ ಮಾಡಿ ದೋಸೆನೆಲ್ಲ ಸೂರಿಗೆ ಅಂಟಿಸಿದ್ದೆ” ಎಂದಳು ಅಮ್ಮ.

“ಅದು ಹಿಟ್ಟಿನ ತಪ್ಪು ಅಕ್ಕ.”

ಸ್ವಿಚ್ ಹಾಕಿದ. ಸೀಟಿನ ಮೇಲೆ ಇರುವೆ ನಡೆದದ್ದು ಎತ್ತಿನಗಾಡಿ ಹೋದಂತೆ ಕೇಳಿಸಿತು. ಎದುರುಮನೆಯ ಕೂಸು ಕಿಟಾರನೆ ಕಿರುಚಿತು. ಮಾವ ಆನಂದದಿಂದ ಕಣ್ಣೊರೆಸಿಕೊಂಡ.

ಗಂಡು, ಅವನ ಅಪ್ಪ, ಅಮ್ಮ ಬಂದರು, ಉಪ್ಪಿಟ್ಟು ತಿಂದರು. ಒಪ್ಪಿಗೆಯನ್ನು ಹೆಣ್ಣಿನ ಮನೆಯಲ್ಲೇ ಹೇಳುವ ಪದ್ಧತಿ ಇಲ್ಲವಲ್ಲ, “ಊರಿಗೆ ಹೋಗಿ ತಿಳಿಸ್ತೀವಿ” ಎಂದು ಎದ್ದರು. ಅವರು ಹೂಂ ಎಂದರೆ ಮದುವೆ ಎಂದು ಶಾಂಭವಿಯ ಅಪ್ಪ ಆಗಲೇ ತೀರ್ಮಾನಿಸಿದ್ದ. ಶಾಂಭವಿಯನ್ನು ಯಾರೂ ಕೇಳಿರಲಿಲ್ಲ.

“ಬಸ್ ಸ್ಟ್ಯಾಂಡಿಗೆ ನಾನೇ ಬಿಡ್ತೀನಿ” ಎಂದು ಮಾವ ಮೂವರನ್ನೂ ಕಾರಿಗೆ ತುಂಬಿದ. ಕಾರು ಸ್ಟಾರ್ಟ್ ಆಗಲಿಲ್ಲ. ಡಬ್ಬ ಬ್ಯಾಟರಿಯನ್ನು ಹೀರಿಬಿಟ್ಟಿತ್ತು. ಉಳಿದಷ್ಟು ಕರೆಂಟು ಕಾರಿಗೆ ಸಾಲದು, ಡಬ್ಬಕ್ಕೆ ಧಾರಾಳ. ಮಾವ ಬಾನೆಟ್ ಎತ್ತಿ ತಲೆ ಒಳಗಿಟ್ಟ.

ಆಗ ಟ್ವೀಟರಿನಲ್ಲಿ ಗಂಡಿನ ಅಮ್ಮನ ಪಿಸುಮಾತು ಬೀದಿಯ ಕೊನೆಯವರೆಗೂ ಮೊಳಗಿತು. “ಹುಡುಗಿಗೆ ಬಾಯೇ ಇಲ್ಲ. ಒಳ್ಳೇದೇ ಆಯ್ತು. ಅಡುಗೆಯವಳನ್ನ ಬಿಡಿಸಿಬಿಡಬಹುದು.”

ವೂಫರಿನಲ್ಲಿ ಗಂಡಿನ ಅಪ್ಪ ಗುಡುಗಿದ. “ಉಪ್ಪಿಟ್ಟು ಸಪ್ಪೆ.”

“ಎರಡು ಸಲ ಹಾಕಿಸ್ಕೊಂಡ್ರಲ್ಲ!” ಎಂದಳು ಹೊರಗೆ ನಿಂತಿದ್ದ ಶಾಂಭವಿಯ ಅಮ್ಮ.

ಅಕ್ಕಪಕ್ಕದವರು ಹೊರಬಂದು ನಿಂತರು. ಒಳಗಿದ್ದವರು ಗಾಬರಿಯಿಂದ ಬಾಯಿ ಮುಚ್ಚಿಕೊಂಡರು. ಪಿಸುಮಾತೂ ಸಿಗದೆ ಡಬ್ಬ ಅದಕ್ಕಿಂತ ಸಣ್ಣದನ್ನು ಹುಡುಕಿಕೊಂಡು ಹೋಯಿತು. ತುಟಿ ಬಿಗಿದು ಕೂತಿದ್ದ ಗಂಡಿನ ದನಿ ಮೊಳಗಿತು. “ಹುಡುಗಿ ಪರವಾಗಿಲ್ಲ. ಅಮ್ಮ ಹೂಂ ಅಂದ್ರೆ ಹೂಂ. ಈ ಅಮ್ಮ ಒಂದಿನ ಸುಮ್ಮನಿದ್ರೆ ಸಾಕಪ್ಪ.”

“ಏನಂದೆಯೋ?”

“ನಾನು ಬಾಯೇ ಬಿಟ್ಟಿಲ್ಲಮ್ಮ.”

ಮತ್ತೇನು ಬರುತ್ತಿತ್ತೋ, ಡಬ್ಬ ಗೊರ್ ಎಂದು ತಣ್ಣಗಾಯಿತು. ಶಾಂಭವಿಯ ಅಪ್ಪ ಮಾತ್ರ ಕದಲಲಿಲ್ಲ. ಕಾರಿನ ಕಿಟಕಿಗೆ ಬಗ್ಗಿ, “ಮೆಷಿನ್ ಮಾತು ಯಾರು ನಂಬ್ತಾರೆ? ನಿಮಗೆ ಒಪ್ಪಿಗೆ ಅಂದ್ರೆ ನಮಗೂ ಒಪ್ಪಿಗೆ” ಎಂದ.

“ನನಗೆ ಒಪ್ಪಿಗೆ ಇಲ್ಲ.”

ಬೀದಿಯೇ ಬೆಚ್ಚಿಬಿತ್ತು. ಅಪ್ಪ ರೇಗಿದ. “ಮರುಳಸಿದ್ದ, ಆ ದರಿದ್ರದ್ದನ್ನ ಆಫ್ ಮಾಡೋ!”

ಬಾನೆಟ್ಟಿನಿಂದ ತಲೆ ಎತ್ತಿದ ಮಾವನ ಕೈಯಲ್ಲಿ ಬ್ಯಾಟರಿಯ ವೈರು ನೇತಾಡುತ್ತಿತ್ತು. “ಕಿತ್ತು ಆಗ್ಲೇ ಎಷ್ಟೊತ್ತಾಯ್ತು ಭಾವ.”

ಎಲ್ಲರೂ ಹೊಸ್ತಿಲ ಕಡೆ ತಿರುಗಿದರು. ಇಷ್ಟು ದೊಡ್ಡ ದನಿ ತನ್ನಲ್ಲಿತ್ತೆಂದು ಶಾಂಭವಿಗೇ ಗೊತ್ತಿರಲಿಲ್ಲ. ಇದ್ದ ಮೇಲೆ ಇರಲಿ ಎಂದು ಇನ್ನೊಂದು ಸಲ ಹೇಳಿದಳು.

ಮಾವ ಕೈ ಒರೆಸಿಕೊಳ್ಳುತ್ತಾ, “ಈ ಸ್ಪೀಕರ್ ನಾನು ಹಾಕಿದ್ದಲ್ಲ” ಎಂದ.