ಗ್ರಿಜೆಲಮ್ಮ ಯಾರ ಪೈಕಿ?

ನಮ್ಮ ಕಡೆಯವರಿಗೆ ಒಂದು ಚಟವಿದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಟಿಕೆಟ್ಟು ತೆಗೆದುಕೊಳ್ಳುವ ಮುಂಚೆಯೇ ‘ಯಾವೂರಾಯ್ತು?’ ಎಂದು ಕೇಳುತ್ತೇವೆ. ಊರಿನ ಹೆಸರು ಬಂತೋ, ‘ಅಲ್ಲಿ ಯಾರ ಪೈಕಿ?’ ಎನ್ನುತ್ತೇವೆ. ಹಾಸನದಲ್ಲಿರುವ ನನ್ನ ಅಪ್ಪನಂತೂ ಈ ವಿದ್ಯೆಯಲ್ಲಿ ಪಾರಂಗತರು. ಮದುವೆಯೂಟದ ಪಂಕ್ತಿಯಲ್ಲಿ ಕೋಸಂಬರಿ ಬಡಿಸುವಾಗ ಪರಕೀಯನಾಗಿದ್ದವನನ್ನು ಮಜ್ಜಿಗೆ ಬರುವಷ್ಟರಲ್ಲಿ ದೂರದ ಭಾವಮೈದುನನನ್ನಾಗಿ ಮಾಡಿಕೊಂಡೇ ಏಳುತ್ತಿದ್ದರು. ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ನನಗೆ ಇದನ್ನು ಕಂಡರೆ ನಾಚಿಕೆ. ‘ಅವರ ಜಾತಕ ಕಟ್ಟಿಕೊಂಡು ನಮಗೇನಪ್ಪ?’ ಎಂದು ರೇಗುತ್ತಿದ್ದೆ. ಅಂಥ ನಾನು ಇವತ್ತು ಅಮೆರಿಕದ ಸ್ಯಾನ್ ರಮೋನಿನಲ್ಲಿ ಕೂತು, ಎಂದೂ ಕಾಲಿಡದ ಸ್ಕಾಟ್‌ಲೆಂಡಿನಲ್ಲಿ ಯಾರು ಯಾರ ಪೈಕಿ ಎಂದು ಹೇಳಬಲ್ಲವಳಾಗಿದ್ದೇನೆ. ಜಂಬ ಎಂದುಕೊಂಡರೂ ಪರವಾಗಿಲ್ಲ. ಇಷ್ಟು ಕಷ್ಟಪಟ್ಟ ಮೇಲೆ ಸ್ವಲ್ಪ ಜಂಬಕ್ಕೆ ನನಗೆ ಹಕ್ಕಿದೆ.

ಇದೆಲ್ಲ ಶುರುವಾದದ್ದು ನನಗೆ ಮಾಡಲು ಕೆಲಸವಿಲ್ಲದ್ದರಿಂದ. ನಮ್ಮ ಮನೆಯವರ ಹೆಸರು ಸಿದ್ದೇಗೌಡ. ಪ್ಲೆಸೆಂಟನ್ನಿನ ಆಫೀಸಿನಲ್ಲಿ ಅದನ್ನು ಕತ್ತರಿಸಿ ‘ಸಿಡ್’ ಮಾಡಿದ್ದಾರೆ. ಆಗ ಯಾರು ಏನು ವೆಬ್‌ಸೈಟು ಮಾಡುತ್ತೇನೆಂದರೂ ಕರೆದು ದುಡ್ಡು ಕೊಡುತ್ತಿದ್ದ ಕಾಲ. ನಾಯಿಯ ಆಹಾರಕ್ಕೊಂದು, ಬೆಕ್ಕಿನ ಆಹಾರಕ್ಕೊಂದು ವೆಬ್‌ಸೈಟು. ಇವರ ಕಂಪನಿಯದು ಹಸುಗೂಸುಗಳ ವೆಬ್‌ಸೈಟು. ಅದರಲ್ಲಿ ತಿಂಗಳು, ಅಕ್ಷರ ಎಲ್ಲ ತುಂಬಿದರೆ ಪ್ರಪಂಚದಲ್ಲಿ ಯಾರೂ ಇಟ್ಟಿರದ ಹೆಸರೊಂದನ್ನು ಅದು ಸೂಚಿಸುತ್ತಿತ್ತು. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಎಂ.ಎಸ್ಸಿ. ಬಾಟನಿ ಓದಿ, ಬಾಲ್ಕನಿಯ ಕರಿಬೇವಿನ ಗಿಡ ಸಾಯದಂತೆ ನೋಡಿಕೊಳ್ಳುವುದೊಂದೇ ನನ್ನ ಪಾಲಿನ ಸಂಶೋಧನೆಯಾಗಿತ್ತು. ಸಾಲದ್ದಕ್ಕೆ ಬಸುರಿ ಬೇರೆ. ದಿನವೆಲ್ಲ ಮಾತಿಗೆ ಒಂದು ಜೀವ ಸಿಕ್ಕಿದರೆ ಸಾಕಾಗಿತ್ತು.

ಸಿಕ್ಕಿದವರು ಪಕ್ಕದ ಅಪಾರ್ಟ್‌ಮೆಂಟಿನ ಜೀನ್. ಎಪ್ಪತ್ತರ ಆಸುಪಾಸಿನ, ಗಂಡ ತೀರಿಕೊಂಡಿದ್ದ ಹೆಂಗಸು. ಚಳಿಯಿರಲಿ ಸೆಕೆಯಿರಲಿ ಮೈಮೇಲೊಂದು ಉಣ್ಣೆಯ ಕಾರ್ಡಿಗನ್. ಒಂದು ದಿನ ಲಾಂಡ್ರಿ ರೂಮಿನಲ್ಲಿ ನನ್ನ ನಾಲಿಗೆ ಸುಮ್ಮನಿರದೆ, ‘ನಿಮ್ಮ ಕಡೆಯವರು ಮೂಲತಃ ಯಾವೂರಿನವರು?’ ಎಂದು ಕೇಳಿಬಿಟ್ಟೆ. ಈ ದೇಶದಲ್ಲಿ ಹಾಗೆಲ್ಲ ಕೇಳಬಾರದೆಂದು ನಮ್ಮ ಮನೆಯವರು ಹೇಳಿಕೊಟ್ಟಿದ್ದರು. ಆದರೆ ಜೀನ್ ಕೈಯಲ್ಲಿದ್ದ ಟವೆಲ್ಲನ್ನು ಅಲ್ಲೇ ಬಿಟ್ಟು, ‘ಅದೇ ನನಗೆ ಗೊತ್ತಾಗಬೇಕಿರುವುದು!’ ಎಂದು ನನ್ನನ್ನು ತಮ್ಮ ಮನೆಗೇ ಎಳೆದುಕೊಂಡು ಹೋದರು.

ಜೀನ್ ಕಷ್ಟ ಇಷ್ಟು: ಅವರ ಮುತ್ತಜ್ಜ ವಿಲಿಯಂ ರಾಬರ್ಟ್‌ಸನ್, ಹೆಂಡತಿ ಐಸಬೆಲ್ ಜೊತೆ ಸ್ಕಾಟ್‌ಲೆಂಡಿನಿಂದ ಹಡಗು ಹತ್ತಿ ಬಂದವನು. ಯಾವ ಊರಿನಿಂದ ಎಂಬುದು ಯಾರಿಗೂ ಗೊತ್ತಿಲ್ಲ. ಸೆಪ್ಟೆಂಬರಿನಲ್ಲಿ ಜೀನ್ ಮತ್ತು ಅವರ ಅಕ್ಕ ಸ್ಕಾಟ್‌ಲೆಂಡಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಅಕ್ಕನಿಗೆ ಮಂಡಿನೋವು; ಈಗ ಬಿಟ್ಟರೆ ಇನ್ನು ಹೋಗುವುದಿಲ್ಲ. ಚಿಕ್ಕವರಿದ್ದಾಗ ಅಜ್ಜಿ ಇಬ್ಬರನ್ನೂ ಕೂರಿಸಿಕೊಂಡು, ‘ನಮ್ಮವರ ಚರ್ಚು ನದಿಯ ದಡದಲ್ಲಿದೆಯಂತೆ’ ಎನ್ನುತ್ತಿದ್ದರಂತೆ. ಆ ದಡದಲ್ಲಿ ಒಮ್ಮೆ ನಿಂತು ಬರಬೇಕೆಂಬುದು ಅಕ್ಕನ ಆಸೆ. ‘ಆದರೆ ಸ್ಕಾಟ್‌ಲೆಂಡಿನಲ್ಲಿ ನದಿಗಳಿಗೇನು ಬರವೇ ಸುಮಾ? ಎಲ್ಲಿ ಅಂತ ಹೋಗಿ ನಿಲ್ಲೋಣ?’ ಎಂದರು ಜೀನ್. ಸ್ವಂತ ಊರೇ ಗೊತ್ತಿಲ್ಲ ಎಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ದುಃಖ ಯಾವುದಿದೆ?

ಆ ಕಾಲಕ್ಕೆ ಸ್ಕಾಟ್‌ಲೆಂಡಿನ ಹಳೆಯ ಚರ್ಚುಗಳ ಜನನ, ಮದುವೆ ದಾಖಲೆಗಳ ಸೂಚಿ ಇಂಟರ್ನೆಟ್ಟಿಗೆ ಬಂದಿತ್ತು. ಹುಡುಕುವವರೆಲ್ಲ ಸೇರಿಕೊಂಡು, ಸಿಕ್ಕಿದ್ದನ್ನು ಹಂಚಿಕೊಳ್ಳುವ ಒಂದು ಇಮೇಲ್ ಕೂಟವೂ ಇತ್ತು. ನಾನೂ ಸೇರಿದೆ. ವಿಲಿಯಂ ರಾಬರ್ಟ್‌ಸನ್ ಎಂದು ಹುಡುಕಿದರೆ, ಮಂಡ್ಯದ ಸಂತೆಯಲ್ಲಿ ನಿಂತು ‘ಲೇ ಸಿದ್ದೇಗೌಡ’ ಎಂದು ಕೂಗಿದಂತಾಯಿತು. ಎಲ್ಲ ದಿಕ್ಕಿನಿಂದಲೂ ತಲೆಗಳು ತಿರುಗಿದವು. ಆ ಕೂಟಕ್ಕೆ ಒಬ್ಬ ಹಿರಿಯರಿದ್ದರು, ಟೊರಾಂಟೊದ ನಿವೃತ್ತ ಮೇಷ್ಟರು. ನನ್ನ ಮೊದಲ ಇಮೇಲಿಗೆ, ‘ಗೌಡ ಎಂಬುದು ಯಾವ ಸ್ಕಾಟಿಷ್ ಮನೆತನವೋ ತಿಳಿಯಲಿಲ್ಲ. ಇರಲಿ, ಪುರಾವೆಯಿಲ್ಲದೆ ಮಾತನಾಡಬೇಡಿ’ ಎಂದು ಉತ್ತರಿಸಿದರು. ನನಗೆ ಹಟ ಬಂದದ್ದು ಅವತ್ತೇ.

ಅಷ್ಟರಲ್ಲಿ ನನ್ನ ಬಾಣಂತನಕ್ಕೆಂದು ಮಂಡ್ಯದಿಂದ ಅತ್ತೆ ಬಂದಿಳಿದರು. ಸೂಟ್‌ಕೇಸಿನ ತುಂಬ ಹುರಿಗಾಳು, ರಾಗಿಹಿಟ್ಟು; ಬಾಯಿಯ ತುಂಬ ಒಂದೇ ಮಾತು: ‘ಹೆಣ್ಣಾದ್ರೆ ನಮ್ಮತ್ತೆ ಹೆಸ್ರಿಕ್ಬೇಕು ಕಣವ್ವ. ನಂಜಮ್ಮ ಅಂತ.’ ಸ್ಕ್ಯಾನಿನಲ್ಲಿ ಹೆಣ್ಣೆಂದು ಗೊತ್ತಾಗಿತ್ತು. ನಾವು ಹೆಸರನ್ನೂ ಆರಿಸಿ ಆಗಿತ್ತು. ಕಂಪನಿಯ ವೆಬ್‌ಸೈಟೇ ‘ಜಿಯಾನಾ’ ಎಂದು ಸೂಚಿಸಿತ್ತು. ಅರ್ಥ ಏನೆಂದು ಕೇಳಿದರೆ ವೆಬ್‌ಸೈಟು ‘ಬೆಳಕು’ ಎನ್ನುತ್ತಿತ್ತು. ಯಾವ ಭಾಷೆಯಲ್ಲಿ ಎಂದು ಮಾತ್ರ ಹೇಳುತ್ತಿರಲಿಲ್ಲ. ‘ಅತ್ತೆ, ಈಗ ಯಾರು ನಂಜಮ್ಮ ಅಂತೆಲ್ಲ ಇಡ್ತಾರೆ? ಇಲ್ಲಿ ಡೇಕೇರಲ್ಲಿ ಕರೆಯೋಕೆ ಆಗಲ್ಲ’ ಎಂದೆ. ಅತ್ತೆ ಬಿಡಲಿಲ್ಲ. ‘ನನ್ ಮಗನ್ಗೆ ಅವ್ರ ತಾತನ ಹೆಸ್ರು ಸಿದ್ದೇಗೌಡ ಅಂತ ಇಕ್ಲಿಲ್ವಾ? ಎರಡ್ನೇವ್ನಿಗೆ ನಮ್ಮಪ್ಪನ ಹೆಸ್ರು. ಮೊಮ್ಮಕ್ಳನ್ನ ಕರುದ್ರೆ ಹಿರೀಕ್ರು ತಿರುಗ್ ನೋಡ್ಬೇಕು. ಅದ್ಕೇ ಹೆಸ್ರು ಇಕ್ಕಾದು’ ಎಂದರು.

ನಾನು ಬೀನ್ಸ್ ಸೋಸುತ್ತಿದ್ದೆ. ಸ್ಕಾಟ್‌ಲೆಂಡಿನವರೂ ಹೀಗೇ ಹೆಸರಿಡುತ್ತಿದ್ದರೆ ಎಂದು ಥಟ್ಟನೆ ಹೊಳೆಯಿತು. ಜೀನ್ ತಮ್ಮ ವಂಶಾವಳಿಯನ್ನು ನೂಲು ಹಿಡಿದಂತೆ ನೆಟ್ಟಗೆ ಬರೆದಿದ್ದರು. ತಾನು, ತನ್ನ ಅಪ್ಪ, ಅವನ ಅಪ್ಪ, ಆಮೇಲೆ ವಿಲಿಯಂ, ಅಷ್ಟೇ. ಅಣ್ಣತಮ್ಮಂದಿರೆಲ್ಲಿ, ಅಕ್ಕತಂಗಿಯರೆಲ್ಲಿ? ನಮ್ಮಪ್ಪನಾಗಿದ್ದರೆ ನಾದಿನಿಯ ಓರಗಿತ್ತಿಯವರೆಗೂ ವಿಚಾರಿಸದೆ ಎಲೆ ಬಿಟ್ಟು ಏಳುತ್ತಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ಓಡಿದೆ. ‘ವಿಲಿಯಂನಿಗೆ ಎಷ್ಟು ಮಕ್ಕಳು? ಹುಟ್ಟಿದ ಕ್ರಮದಲ್ಲೇ ಹೆಸರು ಬೇಕು’ ಎಂದೆ. ಜೀನ್ ಸ್ಯಾಕ್ರಮೆಂಟೊದ ಅಕ್ಕನಿಗೆ ಫೋನು ಮಾಡಿದರು. ಅಕ್ಕ ಗಟ್ಟಿಗಿತ್ತಿ, ಬಾಯಿಪಾಠ ಒಪ್ಪಿಸಿದರು: ಗಂಡುಮಕ್ಕಳು ಆಂಡ್ರೂ, ಡಂಕನ್, ಆಮೇಲೆ ಜೀನ್ ಅವರ ಅಜ್ಜ. ಹೆಣ್ಣುಮಕ್ಕಳು ಎಲ್ಸ್‌ಪೆತ್, ಗ್ರಿಜೆಲ್.

ಟೊರಾಂಟೊ ಮೇಷ್ಟರನ್ನು ಕೇಳಿದಾಗ, ಹೌದು, ಸ್ಕಾಟ್‌ಲೆಂಡಿನಲ್ಲೂ ಅಂಥ ಪದ್ಧತಿಯಿತ್ತು ಎಂದು ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡರು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು. ಮೊದಲ ಮಗಳಿಗೆ ಮಾತ್ರ ತಾಯಿಯ ತಾಯಿಯ ಹೆಸರು, ಆಮೇಲಿನವಳಿಗೆ ತಂದೆಯ ತಾಯಿಯದು. ಇದನ್ನು ಅತ್ತೆಗೆ ಹೇಳಿದೆ. ‘ಇದ್ಯಾವ್ ಮರ್ವಾದೆ? ಹೆಣ್ಣಿನ್ ಕಡೇವ್ರು ಮೊದ್ಲಾ?’ ಎಂದು ಅವರು ಇಡೀ ಸ್ಕಾಟ್‌ಲೆಂಡಿನ ಮೇಲೆ ಮುನಿಸಿಕೊಂಡರು. ನಾನು ಈ ಪದ್ಧತಿಯನ್ನು ಹಾಸನದ ಅಮ್ಮನಿಗೂ ಫೋನಿನಲ್ಲಿ ವರ್ಣಿಸಿದೆ. ಅಮ್ಮ ‘ಒಳ್ಳೇ ಜನ ಕಣೆ’ ಎಂದರು.

ಅಂದರೆ ನಮಗೆ ಬೇಕಾದ ವಿಲಿಯಂನ ಅಪ್ಪ ಆಂಡ್ರೂ, ಅಮ್ಮ ಗ್ರಿಜೆಲ್. ಸ್ಕಾಟ್‌ಲೆಂಡಿನವರ ಪುಣ್ಯ, ಅವರು ದಾಖಲೆಯಲ್ಲಿ ಹೆಂಗಸರ ತವರಿನ ಹೆಸರನ್ನೂ ಬರೆದಿಡುತ್ತಾರೆ. ಸೂಚಿಯಲ್ಲಿ ಆಂಡ್ರೂ ಮತ್ತು ಗ್ರಿಜೆಲ್ ಜೋಡಿ ಪರ್ತ್ ಸೀಮೆಯಲ್ಲೊಂದು ಸಿಕ್ಕಿಯೂ ಸಿಕ್ಕಿತು. ಅದನ್ನು ನೋಡಿ ನಾನು ಮಾಡಿದ್ದೇನು? ಪೆನ್ನು ತೆಗೆದುಕೊಂಡು ಅಡ್ಡಗೆರೆ ಎಳೆದೆ. ಏಕೆಂದರೆ ಗ್ರಿಜೆಲ್ ತವರಿನ ಹೆಸರೂ ರಾಬರ್ಟ್‌ಸನ್! ‘ಇದು ಸಾಧ್ಯವಿಲ್ಲ ಜೀನ್. ಒಂದೇ ಮನೆತನದವರು ಅಣ್ಣತಂಗಿ ಆಗುತ್ತಾರೆ. ಮದುವೆ ಹೇಗಾಗುತ್ತದೆ?’ ಎಂದು ನ್ಯಾಯಾಧೀಶರಂತೆ ತೀರ್ಪು ಕೊಟ್ಟೆ. ಪಾಪ, ಜೀನ್ ನಂಬಿದರು. ಸ್ಕಾಟ್‌ಲೆಂಡಿನ ಸಂತತಿಗೆ ಸ್ಕಾಟ್‌ಲೆಂಡಿನ ಮದುವೆಯ ಕಟ್ಟಳೆಯನ್ನು ಹಾಸನದ ಗೌಡತಿ ಹೇಳಿಕೊಟ್ಟದ್ದಾಯಿತು. ಬೇಸಿಗೆಯ ಒಳ್ಳೆಯ ಭಾಗವೆಲ್ಲ ಬೇರೆ ಬೇರೆ ಗ್ರಿಜೆಲ್‌ಗಳ ಬೆನ್ನು ಹತ್ತುವುದರಲ್ಲೇ ಕಳೆಯಿತು. ಯಾವ ಗ್ರಿಜೆಲ್ಲೂ ಆಂಡ್ರೂವನ್ನು ಕಟ್ಟಿಕೊಂಡಿರಲಿಲ್ಲ. ಹೋಟೆಲು ಬುಕ್ ಮಾಡುವ ದಿನ ಹತ್ತಿರವಾಯಿತು. ಜೀನ್ ಮುಖ ಸಣ್ಣಗಾಯಿತು. ‘ಎಡಿನ್‌ಬರೋ ನೋಡಿಕೊಂಡು ಬಂದುಬಿಡುತ್ತೇವೆ, ಬಿಡು’ ಎಂದರು. ನನಗೆ ಅಳು ಬಂದಿತು.

ಮೂಗು ಏರಿಸುತ್ತ ಬಂದ ನನ್ನನ್ನು ಅತ್ತೆ ವಿಚಾರಿಸಿದರು. ಹೂಬತ್ತಿ ಹೊಸೆಯುತ್ತಲೇ ಎಲ್ಲವನ್ನೂ ಕೇಳಿಸಿಕೊಂಡು, ‘ಅಲ್ಲ ಕಣವ್ವ, ನಿಮ್ಮಪ್ಪನ್ ಹೆಸ್ರಲ್ಲಿ ಗೌಡ ಅಂತ ಅದೋ ಇಲ್ವೋ?’ ಎಂದರು.

‘ಇದೆ ಅತ್ತೆ.’

‘ನನ್ ಮಗನ್ ಹೆಸ್ರಲ್ಲೂ ಅದೆ. ಅಂಗಾರೆ ನೀವಿಬ್ರೂ ಅಣ್ಣ ತಂಗೀನಾ? ಊರ್ ತುಂಬ ಗೌಡ್ರೇ ಇದ್ರೆ ಗೌಡನ್ ಮಗ ಗೌಡನ್ ಮಗಳ್ನೇ ತಾನೆ ಆಗಾದು? ಅವ್ರೂರ್ನಾಗೆ ಎಲ್ರೂ ಅದೇ ಅದೇನೋ ಸನ್ನು ಇರ್ಬೇಕು!’

ನಾನು ಗೆರೆ ಎಳೆದಿದ್ದ ಹಾಳೆಯನ್ನು ಮತ್ತೆ ತೆಗೆದೆ. ಅಡ್ಡಗೆರೆಯ ಕೆಳಗಿನಿಂದ ಗ್ರಿಜೆಲಮ್ಮ ನನ್ನನ್ನು ನೋಡಿ ನಗುತ್ತಿರಬೇಕು ಎನ್ನಿಸಿತು.

ಸೂಚಿಯಲ್ಲಿ ಹೆಸರಿದ್ದರೆ ಸಾಲದು, ಮೂಲ ದಾಖಲೆ ನೋಡಬೇಕು ಎಂಬುದು ಮೇಷ್ಟರ ಮಂತ್ರ. ಓಕ್ಲ್ಯಾಂಡಿನ ಬೆಟ್ಟದ ಮೇಲೆ ಒಂದು ಗ್ರಂಥಾಲಯವಿದೆ. ಅಲ್ಲಿಗೆ ಆ ಚರ್ಚುಗಳ ಮೈಕ್ರೋಫಿಲ್ಮ್ ತರಿಸಿಕೊಡುತ್ತಾರೆ. ಸುರುಳಿ ಬಂದ ದಿನ ಜೀನ್ ತಮ್ಮ ಹಡಗಿನಂಥ ಕಾರು ಹೊರಡಿಸಿದರು. ಅತ್ತೆಯನ್ನು ಮನೆಯಲ್ಲಿ ಒಬ್ಬರನ್ನೇ ಬಿಡುವುದು ಹೇಗೆಂದು ಅವರೂ ಹೊರಟರು, ಡಬ್ಬಿಯಲ್ಲಿ ಚಿತ್ರಾನ್ನದ ಸಮೇತ. ಫ್ರೀವೇಯ ಉದ್ದಕ್ಕೂ ನನ್ನ ಎದೆಗಿಂತ ಹೊಟ್ಟೆಯೊಳಗಿದ್ದವಳೇ ಹೆಚ್ಚು ಒದೆಯುತ್ತಿದ್ದಳು. ಆ ಕೋಣೆಯೋ, ಉಸಿರು ಬಿಟ್ಟರೂ ಕೇಳಿಸುವಷ್ಟು ನಿಶ್ಶಬ್ದ. ಎಲ್ಲರೂ ಫಿಲ್ಮ್ ಓದುವ ಯಂತ್ರದೊಳಗೆ ತಲೆ ತೂರಿಸಿಕೊಂಡು ತಂತಮ್ಮ ಅಜ್ಜಂದಿರನ್ನು ಹುಡುಕುತ್ತಿದ್ದರು. ಜೀನ್ ಹಿಡಿ ತಿರುಗಿಸಿದರು, ನಾನು ಓದಿದೆ. ಆ ಪಾದ್ರಿಯ ಬರವಣಿಗೆಯ ಮುಂದೆ ನಮ್ಮ ಡಾಕ್ಟರುಗಳ ಚೀಟಿ ಅಚ್ಚಿನ ಅಕ್ಷರ. ಪುಟದಿಂದ ಪುಟಕ್ಕೆ ರಾಬರ್ಟ್‌ಸನ್, ರಾಬರ್ಟ್‌ಸನ್, ರಾಬರ್ಟ್‌ಸನ್. ಊರಿಗೆ ಊರೇ ಗೌಡರು! ಕೊನೆಗೆ ವಿಲಿಯಂ ಸಿಕ್ಕಿದ, ತಂದೆ ಆಂಡ್ರೂ, ತಾಯಿ ಗ್ರಿಜೆಲ್. ಇನ್ನಷ್ಟು ಸುತ್ತಿದ ಮೇಲೆ ಅವನ ಮದುವೆಯೂ ಸಿಕ್ಕಿತು. ವಧು ಐಸಬೆಲ್, ಡಂಕನ್ ಮಗಳು. ಅವಳ ಜನನದಲ್ಲಿ ತಾಯಿ ಎಲ್ಸ್‌ಪೆತ್. ಇಬ್ಬರು ಅಜ್ಜಂದಿರು, ಇಬ್ಬರು ಅಜ್ಜಿಯರು, ನಾಲ್ಕೂ ಹೆಸರು ಸರಿಯಾಗಿ ಕೂತವು.

‘ಸಿಕ್ಕಿದ್ಲು ಅತ್ತೆ!’ ಎಂದು ನಾನು ಕಿರುಚಿದ ಕನ್ನಡಕ್ಕೆ ಕೋಣೆಯ ತಲೆಗಳೆಲ್ಲ ಯಂತ್ರಗಳಿಂದ ಹೊರಬಂದವು. ಜೀನ್ ಅಳುತ್ತ ನನ್ನನ್ನು ತಬ್ಬಿಕೊಂಡರು. ಹೊಟ್ಟೆ ಅಡ್ಡ ಬಂದದ್ದರಿಂದ ಪಕ್ಕಕ್ಕೆ ತಿರುಗಿ ಅತ್ತೆಯನ್ನೂ ತಬ್ಬಿಕೊಂಡರು. ಸದ್ದು ಮಾಡಬೇಡಿ ಎನ್ನಲು ಎದ್ದುಬಂದ ಮೇಲ್ವಿಚಾರಕಿ, ವಿಷಯ ತಿಳಿದು ತಾನೇ ಚಪ್ಪಾಳೆ ಶುರುಮಾಡಿದಳು. ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಬಾನೆಟ್ಟಿನ ಮೇಲೆ ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದೆವು. ‘ತಿನ್ನಿ ಜೀನಮ್ಮ, ನಿಮ್ಮೂರ್ ಸಿಕ್ತಲ್ಲ’ ಎಂದು ಅತ್ತೆ ಕನ್ನಡದಲ್ಲೇ ಬಲವಂತ ಮಾಡಿದರು. ಜೀನ್ ಹಸಿಮೆಣಸಿನಕಾಯಿಯನ್ನೂ ಬಿಡದೆ ತಿಂದು ಇನ್ನೊಮ್ಮೆ ಅತ್ತರು. ಟೊರಾಂಟೊ ಮೇಷ್ಟರು, ‘ಪುರಾವೆ ಸಮರ್ಪಕವಾಗಿದೆ. ಶ್ರೀಮತಿ ಗೌಡ ಅವರಿಗೆ ಅಭಿನಂದನೆಗಳು’ ಎಂದು ಇಡೀ ಕೂಟಕ್ಕೆ ಇಮೇಲು ಬರೆದರು. ಅಲ್ಲಿಂದ ನ್ಯೂಜಿಲೆಂಡು, ನೋವಾ ಸ್ಕೋಷಿಯಾ, ಎಲ್ಲೆಲ್ಲಿಂದಲೋ ಅಜ್ಜ ಕಳೆದುಕೊಂಡವರು ನನಗೆ ಬರೆಯತೊಡಗಿದರು. ನಾನು ಎಲ್ಲರಿಗೂ ಒಂದೇ ಉಪದೇಶ ಕೊಟ್ಟೆ: ‘ಮಕ್ಕಳ ಹೆಸರು ನೋಡಿ. ಅಜ್ಜಿಯ ಹೆಸರಿಡುವ ಜನ ಎಂದೂ ಕಳೆದುಹೋಗುವುದಿಲ್ಲ.’ ಈ ವಾಕ್ಯ ನನಗೆ ಬಹಳ ಹಿಡಿಸಿತ್ತು. ನಮ್ಮ ಮನೆಯವರಿಗೂ ಓದಿ ಹೇಳಿದ್ದೆ.

ಅಕ್ಕತಂಗಿಯರು ಹೋದರು. ಆ ಚರ್ಚು ನಿಜವಾಗಿಯೂ ನದಿಯ ದಡದಲ್ಲೇ ಇತ್ತು. ಅಕ್ಕ ಕೋಲೂರಿಕೊಂಡು ಅಲ್ಲಿ ನಿಂತ ಫೋಟೋ ನನ್ನ ಫ್ರಿಜ್ಜಿನ ಮೇಲಿದೆ. ಜೀನ್ ಊರಿಗೆ ವಾಪಸಾದಾಗ ನಾನು ಆಸ್ಪತ್ರೆಯಲ್ಲಿ ಮಗು ಹೆತ್ತು ಮಲಗಿದ್ದೆ. ಅವರು ನೇರ ಅಲ್ಲಿಗೇ ಬಂದರು, ಕೈಯಲ್ಲಿ ರಾಬರ್ಟ್‌ಸನ್ ಮನೆತನದ ಗುರುತಾದ ಕೆಂಪು ಚೌಕಳಿಯ ಪುಟ್ಟ ಹೊದಿಕೆ. ನರ್ಸು ಜನನಪತ್ರಕ್ಕೆ ಹೆಸರು ಬರೆದುಕೊಳ್ಳಲು ನಿಂತಿದ್ದಳು. ಜೀನ್ ಮಗುವಿಗೆ ಹೊದಿಸಿ, ‘ಯಾವ ಅಜ್ಜಿಯ ಹೆಸರಿಟ್ಟೆ ಸುಮಾ?’ ಎಂದು ಕೇಳಿದರು. ಅಜ್ಜಿಯ ಹೆಸರು ಹೌದೋ ಅಲ್ಲವೋ ಎಂದಲ್ಲ, ಯಾವ ಅಜ್ಜಿ ಎಂದು! ಅತ್ತೆಗೆ ಇಂಗ್ಲಿಷ್ ಬಾರದಿದ್ದರೂ ‘ಗ್ರ್ಯಾಂಡ್‌ಮದರ್’ ಎಂಬುದು ಮಾತ್ರ ಸ್ಪಷ್ಟವಾಗಿ ಕೇಳಿಸಿತ್ತು. ಅವರು ಹೂಬತ್ತಿ ಕೆಳಗಿಟ್ಟು ನನ್ನನ್ನೇ ನೋಡಿದರು. ನಮ್ಮ ಮನೆಯವರು ‘ಜಿ...’ ಎಂದು ಬಾಯಿ ತೆರೆದರು. ನಾನು ಅವರ ಬಾಯಿ ಮುಚ್ಚುವ ಹಾಗೆ, ‘ನಂಜಮ್ಮ’ ಎಂದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಯಾಕೋ ತುಂಬ ಸಂತೋಷವಾಯಿತು. ನರ್ಸು ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡಳು. ಜಿಯಾನಾ ಎಂದು ಸೂಚಿಸಿದ್ದ ವೆಬ್‌ಸೈಟು ಮುಂದಿನ ಯುಗಾದಿಯನ್ನೂ ನೋಡದೆ ಮುಚ್ಚಿಹೋಯಿತು. ನಮ್ಮ ಮನೆಯವರಿಗೆ ಸದ್ಯ ಬೇರೆ ಕಡೆ ಕೆಲಸ ಸಿಕ್ಕಿತು. ನಂಜಮ್ಮ ಡೇಕೇರಿಗೆ ಹೋಗುತ್ತಾಳೆ. ಅಲ್ಲಿ ಅವಳನ್ನು ‘ನಂಜ್’ ಎನ್ನುತ್ತಾರೆ. ಕರೆದರೆ ಚೆನ್ನಾಗಿಯೇ ತಿರುಗಿ ನೋಡುತ್ತಾಳೆ.

ಇಲ್ಲಿಗೆ ಮುಗಿದಿದ್ದರೆ ನನ್ನದು ಸಂಪೂರ್ಣ ವಿಜಯ. ಆದರೆ ಹೆಸರು ಕೇಳಿದ ದಿನ ಹಾಸನದಿಂದ ಅಮ್ಮ ಫೋನು ಮಾಡಿದ್ದರು. ಮಗು ಹೇಗಿದೆ, ಎಣ್ಣೆ ಒತ್ತಿದರಾ, ಎಲ್ಲ ವಿಚಾರಿಸಿದರು. ಆಮೇಲೆ, ‘ಅಲ್ವೇ ಸುಮಾ, ಆ ಸ್ಕಾಟ್‌ಲೆಂಡಿನೋರು ಮೊದಲನೇ ಹೆಣ್ಣುಮಗೂಗೆ ತಾಯಿಯ ತಾಯಿ ಹೆಸರಿಡ್ತಾರೆ ಅಂತ ನೀನೇ ತಾನೆ ಹೇಳಿದ್ದು?’ ಎಂದರು. ಇದಕ್ಕೇನು ಪರಿಹಾರವೆಂದು ಟೊರಾಂಟೊ ಮೇಷ್ಟರಿಗೆ ಆಗಲೇ ಬರೆದೆ. ಯಾವ ಪ್ರಶ್ನೆಗೂ ಅದೇ ದಿನ ಉತ್ತರಿಸುವ ಆ ಮನುಷ್ಯ ಇದಕ್ಕೆ ಮಾತ್ರ ಇವತ್ತಿನವರೆಗೂ ಉತ್ತರ ಬರೆದಿಲ್ಲ.