ಕಿವಿ ಕೇಳುವವರಿಗೆ ಪಾಠವಿಲ್ಲ

ನಮ್ಮ ಸೋದರತ್ತೆಗೆ ಕಿವಿ ಕೇಳುವವರನ್ನು ಕಂಡರೆ ಆಗುವುದಿಲ್ಲ. ಇದು ನಾನು ಕಟ್ಟಿದ ಮಾತಲ್ಲ, ಅವರೇ ಬಾಯಿಬಿಟ್ಟು ಹೇಳಿದ್ದು. ತ್ಯಾಗರಾಜನಗರದ ಮನೆಯಲ್ಲಿ ಮೂವತ್ತೈದು ವರ್ಷ ಸಂಗೀತ ಪಾಠ ಹೇಳಿ ಅವರು ಕಂಡುಕೊಂಡ ಸತ್ಯವೆಂದರೆ, ಸಂಗೀತ ಕಲಿಯಲು ಇರುವ ಮುಖ್ಯ ಅಡ್ಡಿ ಕಿವಿ. ಕಿವಿ ಇರುವ ಹುಡುಗಿಗೆ ಪಕ್ಕದ ಮನೆಯ ಕುಕ್ಕರ್ ಕೂಗಿದ್ದು ಕೇಳುತ್ತದೆ, ಬೀದಿಯಲ್ಲಿ ಸೊಪ್ಪಿನವಳು ಕರೆದದ್ದು ಕೇಳುತ್ತದೆ, ಬ್ಯಾಗಿನೊಳಗೆ ಮೊಬೈಲು ಉಸಿರಾಡಿದ್ದೂ ಕೇಳುತ್ತದೆ. ಎದುರಿಗೆ ಕೂತ ಅತ್ತೆ ಹೇಳಿದ್ದು ಮಾತ್ರ ಕೇಳುವುದಿಲ್ಲ!

ಅತ್ತೆ ಬೈಯುವವರಲ್ಲ. ಹಾಡುತ್ತಿದ್ದವರು ನಡುವೆ ನಿಂತರೆ ಬೆರಳಿನ ಗೆಣ್ಣಿನಿಂದ ಮಣೆಯ ಮೇಲೆ ಎರಡು ಸಲ ಕುಟ್ಟುತ್ತಾರೆ, ಹುಬ್ಬು ಮೇಲೆತ್ತುತ್ತಾರೆ. ಯಾಕೆ ನಿಂತೆ, ಮುಂದೆ ಹೋಗು ಎಂದು ಅರ್ಥ. ಚಿಕ್ಕಂದಿನಲ್ಲಿ ನಾನೂ ಅವರ ಶಿಷ್ಯನೇ. ಈಗಲೂ ಯಾರಾದರೂ ಬಾಗಿಲು ತಟ್ಟಿದರೆ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

ಇಂಥ ಅತ್ತೆಯ ಮನೆಯ ಹಿಂದೆ ಕಿವಿ ಕೇಳದ ಮಕ್ಕಳ ಪುಟ್ಟ ಶಾಲೆಯೊಂದು ಬಂತು. ಮಕ್ಕಳು ಮಧ್ಯಾಹ್ನದ ಹೊತ್ತು ಡೆಸ್ಕು ಬಡಿಯುತ್ತಿದ್ದರು. ಅತ್ತೆಯ ನಿದ್ದೆ ಕೆಟ್ಟಿತು. ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಹೊರಟವರು ಸಂಜೆಯಾದರೂ ಬರಲಿಲ್ಲ. ಹುಡುಕಿಕೊಂಡು ಹೋಗೋಣವೆಂದು ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಬಂದರು.

“ಕಂಪ್ಲೇಂಟ್ ಮಾಡಿದ್ರಾ ಅತ್ತೆ?”

“ಮಾಡ್ದೆ.”

“ಏನಂತ?”

“ತಾಳ ತಪ್ತಿದೆ ಅಂತ.”

ಮಾರನೆಯ ದಿನದಿಂದ ಅತ್ತೆ ಅಲ್ಲಿ ಸಂಗೀತದ ಟೀಚರು. ನೇಮಿಸಿದವರು ಯಾರು? ಯಾರೂ ಇಲ್ಲ. ಬೇಡವೆನ್ನುವ ಧೈರ್ಯ ಯಾರಿಗೂ ಬರಲಿಲ್ಲ, ಅಷ್ಟೆ. ನಮ್ಮ ಸಂಗೀತದಲ್ಲಿ ತಾಳ ಹಾಕುವುದು ಹೇಗಿದ್ದರೂ ಕೈಯಲ್ಲಿ: ತೊಡೆಗೊಂದು ಪೆಟ್ಟು, ಕಿರುಬೆರಳಿನಿಂದ ಎಣಿಕೆ, ಮತ್ತೆ ಪೆಟ್ಟು, ಅಂಗೈ ತಿರುವು. ದಿನವಿಡೀ ಕೈಬೆರಳಲ್ಲೇ ಮಾತಾಡುವ ಮಕ್ಕಳಿಗೆ ಇದನ್ನು ಕಲಿಯಲು ಎಷ್ಟು ಹೊತ್ತು ಬೇಕು? ಅತ್ತೆಯ ಹಳೆಯ ಶಿಷ್ಯೆಯರು ಒಂದು ವರ್ಷ ತೆಗೆದುಕೊಂಡದ್ದನ್ನು ಇವರು ಊಟದ ಬಿಡುವಿನೊಳಗೆ ಮುಗಿಸಿದರಂತೆ. ತಂಬೂರಿಯ ಬುರುಡೆಗೆ ಮಕ್ಕಳು ಸರದಿಯಲ್ಲಿ ಕೆನ್ನೆ ಒತ್ತಿ ಕೂರುತ್ತಾರೆ. ಶ್ರುತಿ ಒಂದು ಕೂದಲೆಳೆ ಇಳಿದರೂ ಒಬ್ಬ ಹುಡುಗ ಮುಖ ಸಿಂಡರಿಸುತ್ತಾನೆ ಎನ್ನುತ್ತಾರೆ ಅತ್ತೆ. ನಾನು ನಂಬಿಲ್ಲ. ನಂಬಿಲ್ಲವೆಂದು ಅವರ ಮುಂದೆ ಹೇಳಿಯೂ ಇಲ್ಲ.

ಇಷ್ಟಕ್ಕೇ ನಿಂತಿದ್ದರೆ ಬೀದಿಯವರು ಸುಮ್ಮನಿರುತ್ತಿದ್ದರು. ಗಣೇಶನ ಹಬ್ಬ ಬಂತು. ಪೆಂಡಾಲಿನ ಸ್ಪೀಕರಿಗೂ ಅತ್ತೆಗೂ ಹಳೆಯ ವೈರ. ಪ್ರತಿ ವರ್ಷ ಪೊಲೀಸರಿಗೆ ಫೋನು ಹೋಗುವುದು ನಮ್ಮ ಬೀದಿಯ ಪೂಜಾವಿಧಿಗಳಲ್ಲಿ ಒಂದು. ಆ ವರ್ಷ ಅತ್ತೆ ಪೆಂಡಾಲಿಗೇ ನಡೆದುಹೋಗಿ ಸ್ಪೀಕರಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತರು.

“ಏನ್ರಪ್ಪಾ, ಇಷ್ಟೇನಾ ನಿಮ್ ಸೌಂಡು?”

“ಸಾರಿ ಆಂಟಿ, ಈಗ್ಲೇ ಕಮ್ಮಿ ಮಾಡ್ತೀವಿ.”

“ಕಮ್ಮಿ ಯಾಕೆ? ಜಾಸ್ತಿ ಮಾಡು. ಆ ಢುಂ ಅನ್ನೋದನ್ನ ಇನ್ನೂ ಸ್ವಲ್ಪ ಏರಿಸು.”

ಹುಡುಗರು ಮುಖ ಮುಖ ನೋಡಿಕೊಂಡರು. “ಮಗಾ, ವಿಡಿಯೋ ಮಾಡಿ ಸ್ಟೇಷನ್‌ಗೆ ಕೊಡ್ತಾರೆ ಕಣೋ, ಆಫ್ ಮಾಡು!” ಎಂದ ಒಬ್ಬ. ಸ್ಪೀಕರು ಪೂರ್ತಿ ಬಂದ್ ಆಯಿತು. ಇತಿಹಾಸದಲ್ಲಿ ಮೊದಲ ಬಾರಿಗೆ ಅತ್ತೆ ಸ್ಪೀಕರು ಹಾಕಿಸಲು ಬೇಡಿಕೊಂಡರು!

ಅಷ್ಟರಲ್ಲಿ ಶಾಲೆಯ ಟೀಚರು ಮಕ್ಕಳನ್ನು ಕರೆತಂದು, ಅವರ ಕಿವಿಯ ಮಿಷನ್ನುಗಳನ್ನು ಬಿಚ್ಚಿ ಚೀಲಕ್ಕೆ ಹಾಕಿ, ಸ್ವಲ್ಪ ದೂರದಲ್ಲಿ ಸಾಲಾಗಿ ನಿಲ್ಲಿಸಿದರು. ಪ್ರತಿ ಮಗುವೂ ಒಂದೊಂದು ಬಲೂನನ್ನು ಹೊಟ್ಟೆಗೆ ಅಪ್ಪಿ ಹಿಡಿದಿತ್ತು. ಹುಡುಗರು ಸ್ಪೀಕರು ಮತ್ತೆ ಹಾಕಿದರು. ಸದ್ದು ಬಲೂನಿಗೆ ಬಡಿದು ಮಗುವಿನ ಮೈಗೆ ಇಳಿಯುತ್ತದೆ. ಮಕ್ಕಳು ಕಚಗುಳಿಯಿಟ್ಟಂತೆ ನಗತೊಡಗಿದರು. ದಾರಿಯಲ್ಲಿ ಹೋಗುತ್ತಿದ್ದ ಅಂಕಲ್ ಒಬ್ಬರು ಬಲೂನು ನೋಡಿ ನಿಂತು, “ಯಾರದಮ್ಮಾ ಬರ್ತ್‌ಡೇ?” ಎಂದರು.

“ಗಣೇಶಂದು,” ಎಂದರು ಅತ್ತೆ.

ಮರುದಿನ ಅತ್ತೆ ಮಕ್ಕಳಿಗೆ ಬಣ್ಣದ ಪೆನ್ಸಿಲು ಹಂಚಿ, ನಿಮ್ಮ ಮನೆಯಲ್ಲಿ ಏನೇನು ಹಾಗೆ ಝುಂ ಅನ್ನುತ್ತದೆ, ಬರೆಯಿರಿ ಎಂದು ಟೀಚರಿಂದ ಕೈಸನ್ನೆಯಲ್ಲಿ ಹೇಳಿಸಿದರು. ದೀಪಾ ಎಂಬ ಏಳು ವರ್ಷದ ಹುಡುಗಿ ಮಿಕ್ಸಿಗೆ ಕೆಂಪು ಸುರುಳಿ ಬರೆದಳು, ವಾಷಿಂಗ್ ಮಷಿನ್ನಿಗೆ ನೀಲಿ, ಅಪ್ಪನ ಬೈಕಿಗೆ ಹಸಿರು. ಗೊರಕೆ ಹೊಡೆಯುವ ಅಜ್ಜಿಗೆ ಡಬ್ಬಿಯಲ್ಲಿದ್ದ ಎಲ್ಲ ಬಣ್ಣ! ಚಿತ್ರದ ನಡುವೆ ಅಮ್ಮ ನಿಂತಿದ್ದಳು. ಅಮ್ಮನ ಸುತ್ತ ಒಂದು ಗೆರೆಯೂ ಇರಲಿಲ್ಲ.

ಸಂಜೆ ದೀಪಾಳನ್ನು ಕರೆದೊಯ್ಯಲು ಅವಳ ತಾಯಿ ಬಿಟಿಎಂ ಲೇಔಟಿನಿಂದ ಬಂದರು. ಗದಗಿನ ಕಡೆಯವರು. ಅತ್ತೆ ಚಿತ್ರವನ್ನು ಅವರ ಕೈಗಿಟ್ಟರು. ಆಕೆ ಅಮ್ಮನ ಸುತ್ತಲಿನ ಖಾಲಿ ಜಾಗದ ಮೇಲೆ ಬೆರಳಾಡಿಸಿದರು.

“ಮೊದ್ಲ ಹಾಡ್ತಿದ್ನ್ರೀ ಅಮ್ಮಾರ. ಇಕಿ ಹೊಟ್ಟ್ಯಾಗಿದ್ದಾಗ ದಿನಾ ಹಾಡ್ತಿದ್ದೆ. ಕೂಸಿಗೆ ಕೇಳ್ಸಂಗಿಲ್ಲ ಅಂತ ಡಾಕ್ಟರ್ ಹೇಳಿದ್ಮ್ಯಾಲೆ ಬಿಟ್ಟೆ. ಈಗ ಮಾತೂ ಕಡಿಮಿ. ಕೇಳ್ಲಾರದವ್ರ ಮುಂದ ಏನಂತ ಹಾಡ್ಲಿ, ಹೇಳ್ರಿ?”

ಸಮಾಧಾನ ಹೇಳುವ ಅಭ್ಯಾಸ ಅತ್ತೆಗಿಲ್ಲ. “ನೋಡಮ್ಮಾ, ನಾನು ಮೂವತ್ತೈದು ವರ್ಷ ಪಾಠ ಹೇಳ್ದೆ. ಒಬ್ರಿಗೂ ಕೇಳಿಸ್ಲಿಲ್ಲ. ನಾನು ನಿಲ್ಲಿಸಿದ್ನಾ? ನಾಳೆ ನಾಲ್ಕು ಗಂಟೆಗೆ ಬಾ,” ಎಂದರು.

ಆಕೆ ಬಂದರು. ದಿನಾ ಬಂದರು. ಆದರೆ ಬಾಯಿ ತೆರೆದರೆ ಹಾಡು ಅಲ್ಲೇ ನಿಲ್ಲುತ್ತಿತ್ತು. ಒಂದು ಸಾಲು ದಾಟುತ್ತಿರಲಿಲ್ಲ. ಅತ್ತೆ ಮಣೆ ಕುಟ್ಟಿ ಕುಟ್ಟಿ ಗೆಣ್ಣು ಕೆಂಪು ಮಾಡಿಕೊಂಡರು. ಶಾಲೆಯ ವಾರ್ಷಿಕೋತ್ಸವಕ್ಕೆ ಆಕೆಯೇ ಹಾಡುವುದೆಂದು ಅತ್ತೆ ಘೋಷಿಸಿದಾಗ, ಇದು ಆಗುವ ಮಾತಲ್ಲವೆಂದು ನನಗೆ ಗಟ್ಟಿಯಾಗಿ ಅನ್ನಿಸಿತ್ತು.

ವಾರ್ಷಿಕೋತ್ಸವ ಜಯನಗರದ ಒಂದು ಸಣ್ಣ ಸಭಾಂಗಣದಲ್ಲಿ ನಡೆಯಿತು. ಮುಖ್ಯ ಅತಿಥಿಗಳು ಭಾಷಣ ಮುಗಿಸಿದೊಡನೆ ಮಕ್ಕಳೆಲ್ಲ ಎರಡೂ ಕೈ ಮೇಲೆತ್ತಿ ಆಡಿಸಿದರು. ಅವರ ಚಪ್ಪಾಳೆ ಅದು. ಅತಿಥಿಗಳಿಗೆ ಇದು ಗೊತ್ತಿರಲಿಲ್ಲ. ಇಷ್ಟು ಮಕ್ಕಳಿಗೆ ಸಂದೇಹವಿದೆಯೆಂದು ತಿಳಿದು, “ಕೂತ್ಕೊಳಿ, ಕೂತ್ಕೊಳಿ, ಇನ್ನೊಮ್ಮೆ ಹೇಳ್ತೀನಿ,” ಎಂದು ಭಾಷಣವನ್ನು ಮೊದಲಿನಿಂದ ಶುರು ಮಾಡಿದರು. ಎರಡನೆಯ ಸಲ ಮುಗಿದಾಗ ಒಂದು ಕೈಯೂ ಮೇಲೇಳಲಿಲ್ಲ. ಮಕ್ಕಳು ಜಾಣರು.

ಆಮೇಲೆ ದೀಪಾಳ ತಾಯಿ ಮರದ ವೇದಿಕೆಯ ಮೇಲೆ ಕೂತರು. ದೀಪಾ ಅಮ್ಮನ ಬೆನ್ನಿಗೆ ತನ್ನ ಬೆನ್ನು ಒತ್ತಿ, ಕಣ್ಣು ಮುಚ್ಚಿ, ತೊಡೆಯ ಮೇಲೆ ಕೈಯಿಟ್ಟು ಕಾದಳು. ತಾಯಿ ಜೋಗುಳ ಎತ್ತಿಕೊಂಡರು. ಮಗುವಿನ ಕೈ ತಾಳ ಹಾಕತೊಡಗಿತು. ಮೊದಲ ಸಾಲು ದಾಟಿತು. ಎರಡನೆಯದರ ನಡುವೆ ಹಾಡು ನಿಂತೇ ಹೋಯಿತು. ತಾಯಿ ತಲೆ ತಗ್ಗಿಸಿದರು.

ದೀಪಾ ಕಣ್ಣು ತೆರೆದಳು. ಕೈ ಹಿಂದೆ ಚಾಚಿ, ಬೆರಳಿನ ಗೆಣ್ಣಿನಿಂದ ವೇದಿಕೆಯ ಮೇಲೆ ಎರಡು ಸಲ ಕುಟ್ಟಿದಳು. ಹುಬ್ಬು ಕೂಡ ಮೇಲೆತ್ತಿದ್ದಳು!

ತಾಯಿ ಅಳುತ್ತಲೇ ನಕ್ಕರು. ಆಮೇಲೆ ಹಾಡಿದರು. ಕೊನೆಯವರೆಗೂ ಹಾಡಿದರು. ಅಷ್ಟು ವರ್ಷ ಒಳಗೆ ಕೂಡಿಹಾಕಿದ್ದ ಹಾಡು ಆ ಬೆನ್ನಿನಿಂದ ಈ ಬೆನ್ನಿಗೆ ಇಳಿಯುವುದು ನನ್ನ ಕಣ್ಣಿಗೆ ಕಂಡಿತು. ನನಗೂ ಅಳು ಬಂತು.

ಪಕ್ಕದಲ್ಲಿ ತಾಳ ಹಾಕುತ್ತಿದ್ದ ಅತ್ತೆಯ ಕೈ ಯಾವಾಗಲೋ ತೊಡೆಯ ಮೇಲೆ ನಿಂತುಬಿಟ್ಟಿತ್ತು. ಕನ್ನಡಕದ ಕೆಳಗೆ ಕೆನ್ನೆ ಒದ್ದೆಯಾಗಿತ್ತು. ನಾನು ಅವರ ಕುರ್ಚಿಯ ಕೈಮೇಲೆ ಮೆಲ್ಲಗೆ ಎರಡು ಸಲ ಕುಟ್ಟಿದೆ.