ಗ್ಯಾಲನ್‌ಗೆ ಎಷ್ಟು ಕೊಡುತ್ತದೆ?

ಕೊಡಗಿನಲ್ಲಿ ಕಾರು ಕೊಳ್ಳುವವರು ಮೊದಲು ನನ್ನ ಅಭಿಪ್ರಾಯ ಕೇಳುವುದು ಇನ್ನೂ ನಿಂತಿಲ್ಲ. ನನಗೆ ಕಾರು ಓಡಿಸಲು ಬರುವುದಿಲ್ಲ, ಕೊಳ್ಳುವ ಶಕ್ತಿಯೂ ಇಲ್ಲ. ಆದ್ದರಿಂದ ನಾನು ನಿಷ್ಪಕ್ಷಪಾತಿ ಎಂದು ಎಲ್ಲರ ನಂಬಿಕೆ. ಮೇಲಾಗಿ ನಾನು ಮಡಿಕೇರಿಯಲ್ಲಿ ಗಣಿತದ ಮೇಷ್ಟ್ರು. ಮೈಲಿಯನ್ನು ಗ್ಯಾಲನ್‌ನಿಂದ ಭಾಗಿಸಲು ಬಾರದವರು ಊರಲ್ಲಿ ಯಾರೂ ಇಲ್ಲ. ಆದರೆ ಸ್ವಂತ ಕಾರಿನ ಲೆಕ್ಕ ಮಾಡುವಾಗ ಎಂಥವರಿಗೂ ಉತ್ತರ ಸ್ವಲ್ಪ ದೊಡ್ಡದಾಗಿಯೇ ಬರುತ್ತದೆ.

ನನ್ನನ್ನು ಈ ಹುದ್ದೆಗೆ ಏರಿಸಿದ್ದು ಒಂದು ಕೆಂಪು ಕಾರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಒಬ್ಬ ಇಂಗ್ಲಿಷ್ ದೊರೆ ತೋಟ ಮಾರಿ ತಮ್ಮ ದೇಶಕ್ಕೆ ಹೊರಟಿದ್ದರು. ಅವರ ಬಳಿ ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡೇ ಓಡುವಂತೆ ಕಾಣುವ ಒಂದು ಸ್ಪೋರ್ಟ್ಸ್ ಕಾರಿತ್ತು. ಜೀಪಿಗಿಂತ ಕಡಿಮೆಗೆ ಕೊಟ್ಟು ಹೋಗುತ್ತೇನೆ ಎಂದರು. ಮೂರ್ನಾಡು ರಸ್ತೆಯಲ್ಲಿ ಕಾಫಿ ತೋಟವಿದ್ದ, ನನ್ನ ಹಳೆಯ ಶಿಷ್ಯರೂ ಆದ ನಮ್ಮ ಸಣ್ಣ ಗೌಡರು ಅದನ್ನು ಒಂದು ಸಲ ನೋಡಿದರು. ಆಮೇಲೆ ಎರಡು ಹೊತ್ತಿನ ಊಟದಲ್ಲಿ ಒಂದನ್ನು ಬಿಟ್ಟರು. ಅವರ ತಂದೆ ದೊಡ್ಡ ಗೌಡರಿಗೆ ಬೇಕಾಗಿದ್ದದ್ದು ಗೊಬ್ಬರದ ಮೂಟೆ ಹೊರುವ ಜೀಪು.

ಕಾರಿನ ಬಣ್ಣದ ಪುಸ್ತಿಕೆಯಲ್ಲಿ ಎರಡು ಮಾತು ದಪ್ಪಕ್ಷರದಲ್ಲಿ ಅಚ್ಚಾಗಿದ್ದವು. ಗಂಟೆಗೆ ಎಂಬತ್ತು ಮೈಲಿ ವೇಗ. ಗ್ಯಾಲನ್‌ಗೆ ನಲವತ್ತು ಮೈಲಿ.

ದೊಡ್ಡ ಗೌಡರು ಎಲೆ ಅಡಿಕೆ ಮಡಚುತ್ತಾ ತೀರ್ಪು ಕೊಟ್ಟರು. "ಎರಡನ್ನೂ ಮಾಡಿ ತೋರಿಸು ಮಗಾ. ತೋರಿಸಿದರೆ ಕಾರು, ಇಲ್ಲದಿದ್ದರೆ ಜೀಪು. ಲೆಕ್ಕ ಮೇಷ್ಟ್ರು ನೋಡಲಿ."

ಹಡಗಿನ ದಿನ ಬರುವವರೆಗೆ ಕಾರನ್ನು ಪರೀಕ್ಷೆಗೆ ಇಟ್ಟುಕೊಳ್ಳಿ ಎಂದು ದೊರೆಗಳೂ ಒಪ್ಪಿದರು. ಹೀಗೆ ನಾನು ಪರೀಕ್ಷಕನಾದೆ.

೧. ಇಳಿಜಾರಿನ ಗಣಿತ

ಮಡಿಕೇರಿ ಬೆಟ್ಟದ ನೆತ್ತಿಯ ಮೇಲಿರುವ ಊರು. ಅಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಇಳಿಜಾರು. ಆದ್ದರಿಂದ ಮಡಿಕೇರಿಯವರ ಕಾರುಗಳಷ್ಟು ಕಡಿಮೆ ಪೆಟ್ರೋಲು ಕುಡಿಯುವ ಕಾರುಗಳು ಪ್ರಪಂಚದಲ್ಲಿಲ್ಲ. ಎಲ್ಲರೂ ಹೋಗುವಾಗಿನ ಲೆಕ್ಕ ಹೇಳುತ್ತಾರೆ. ಬರುವಾಗಿನದ್ದು ಸಂಸಾರದ ಗುಟ್ಟು.

ಸಣ್ಣ ಗೌಡರು ಮೊದಲ ಪರೀಕ್ಷೆಗೆ ಆರಿಸಿದ್ದು ಸಂಪಾಜೆ ಘಾಟಿಯನ್ನು. ಮಡಿಕೇರಿ ಬಿಟ್ಟು ಮೊದಲ ತಿರುವು ಬರುತ್ತಿದ್ದಂತೆ ಎಂಜಿನ್ ಆಫ್ ಮಾಡಿದರು. ಆಮೇಲೆ ಕೇಳಿಸಿದ್ದು ಗಾಳಿಯ ಸದ್ದು, ಟೈರಿನ ಸದ್ದು, ಮತ್ತು ನನ್ನ ಬಾಯಿಂದ ಹೊರಡುತ್ತಿದ್ದ ದೇವರ ಹೆಸರುಗಳು. ತಿರುವಿನಿಂದ ತಿರುವಿಗೆ ಕಾರು ಜಾರುಬಂಡೆಯ ಮೇಲಿನ ಮಗುವಿನಂತೆ ಇಳಿಯಿತು. ಹೆದರಿಕೆ ನಿಜ, ಆದರೆ ಅರ್ಧ ದಾರಿಯಲ್ಲಿ ನಾನೂ "ಬ್ರೇಕ್ ಯಾಕೆ ಹಾಕ್ತೀರಿ?" ಎಂದು ಕೇಳಿದ್ದೆನಂತೆ. ನನಗೆ ನೆನಪಿಲ್ಲ.

ಸಂಪಾಜೆಯ ಹೋಟೆಲಿನ ಮುಂದೆ ಕಾರು ತಾನಾಗಿ ನಿಂತಿತು. ಸಣ್ಣ ಗೌಡರ ಮುಖ ಕಾರಿಗಿಂತ ಕೆಂಪಾಗಿತ್ತು. "ನೋಡಿ ಮೇಷ್ಟ್ರೇ, ಒಂದು ತೊಟ್ಟು ಕುಡಿಯಲಿಲ್ಲ! ಭಾಗಿಸಿ!"

"ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ" ಎಂದೆ.

"ಬರುವುದಿಲ್ಲ ಅಂದರೆ ಅಷ್ಟು ದೊಡ್ಡದು ಅಂತ ತಾನೇ?"

ಮನೆಗೆ ಬಂದು ಇದೇ ವರದಿ ಒಪ್ಪಿಸಿದೆವು. ವಾಪಸ್ ಹತ್ತುವಾಗ ರೇಡಿಯೇಟರ್ ಕುದಿದು ದಾರಿಯಲ್ಲಿ ಸಿಕ್ಕ ತೊರೆಗಳಲ್ಲೆಲ್ಲ ನೀರು ಕೇಳಿದ್ದನ್ನು, ಪೆಟ್ರೋಲು ಮುಳ್ಳು ಕಣ್ಣೆದುರೇ ಮಲಗಿದ್ದನ್ನು ನಾನು ಪರೀಕ್ಷಕನ ಧರ್ಮದಂತೆ ಸೇರಿಸಿದೆ.

ದೊಡ್ಡ ಗೌಡರು ಯೋಚನೆ ಮಾಡಿ ಹೇಳಿದರು: "ಒಳ್ಳೆ ಗಾಡಿ. ಇವನು ಹೋದವನು ವಾಪಸ್ ಬರುವುದು ಬೇಡ ಅನ್ನುವುದಾದರೆ ಇವತ್ತೇ ತೆಗೆಯೋಣ."

೨. ಕಣ್ಣಾರೆ ಕಂಡ ಸಾಕ್ಷಿ

ಇನ್ನು ವೇಗ. ಎಂಬತ್ತು ಮೈಲಿಯಲ್ಲಿ ಓಡಲು ಕಾರೊಂದೇ ಸಾಲದು, ರಸ್ತೆಯೂ ಬೇಕು. ನಮ್ಮ ರಸ್ತೆಗಳಲ್ಲಿ ನೇರವಾದ ಭಾಗ ಎಂದರೆ ಒಂದು ತಿರುವು ಮುಗಿದು ಇನ್ನೊಂದು ಶುರುವಾಗುವ ಮುಂಚೆ ಹಾರನ್ ಹೊಡೆಯುವ ಜಾಗ. ಕುಶಾಲನಗರದ ಕಾವೇರಿ ಸೇತುವೆ ದಾಟಿದರೆ ಮಾತ್ರ ಬಯಲು, ಗೆರೆ ಎಳೆದಂಥ ರಸ್ತೆ. ಹಿಂದೆ ಅದು ಬೇರೆಯವರ ರಾಜ್ಯ. ಈಗ ಎಲ್ಲ ಒಂದೇ. ವಿಲೀನದಿಂದ ಕೊಡಗಿಗೆ ಏನು ಸಿಕ್ಕಿತು ಎಂದು ಬಹಳ ಜನ ಕೇಳುತ್ತಿದ್ದರು. ನಮಗಂತೂ ಒಂದು ನೇರ ರಸ್ತೆ ಸಿಕ್ಕಿತು.

ಬೆಳಗಿನ ಹೊತ್ತು, ರಸ್ತೆಯಲ್ಲಿ ಒಂದು ಎತ್ತಿನ ಗಾಡಿಯೂ ಇಲ್ಲ. ಸಣ್ಣ ಗೌಡರು ಒತ್ತಿದರು. ಕಾರು ಮೊದಲು ಗುರ್ ಎಂದಿತು, ಆಮೇಲೆ ಹಾಡಿತು, ಕೊನೆಗೆ ಕಿರುಚಿತು. ಸಾಲುಮರಗಳು ಒಂದಕ್ಕೊಂದು ಅಂಟಿ ಗೋಡೆಯಾದವು. ನನ್ನ ಟೋಪಿ ಮೈಸೂರಿಗೆ ಹೋಗುವ ವಿಚಾರ ಬಿಟ್ಟು ಮಡಿಕೇರಿ ಕಡೆ ಹಾರಿತು. ನಾನು ಏನೋ ಕೂಗುತ್ತಿದ್ದೆ. ಹೆದರಿಕೆಯೋ ಖುಷಿಯೋ ವಿಂಗಡಿಸಲು ಪುರಸೊತ್ತಿರಲಿಲ್ಲ.

"ಮೇಷ್ಟ್ರೇ, ಮುಳ್ಳು ನೋಡಿ, ಮುಳ್ಳು!" ಎಂದು ಸಣ್ಣ ಗೌಡರು ಕೂಗಿದರು.

ವೇಗದ ಮುಳ್ಳು ಐವತ್ತರ ಆಚೀಚೆ ಮಳೆಗಾಲದ ವೈಪರಿನಂತೆ ಬಡಿದುಕೊಳ್ಳುತ್ತಿತ್ತು. ಅಷ್ಟನ್ನು ನೋಡಿದ್ದೇ ಕೊನೆ.

ಸಂಜೆ ವಿಚಾರಣೆ ನಡೆಯಿತು. "ಎಂಬತ್ತು ಮುಟ್ಟಿತೇ? ನೀವು ಕಣ್ಣಾರೆ ನೋಡಿದಿರಾ ಮೇಷ್ಟ್ರೇ?" ಎಂದು ದೊಡ್ಡ ಗೌಡರು ಕೇಳಿದರು.

ಸುಳ್ಳು ಹೇಳಲಾರೆ. "ಐವತ್ತರ ನಂತರ ನಾನು ಕಣ್ಣು ಮುಚ್ಚಿಕೊಂಡಿದ್ದೆ."

ಸಣ್ಣ ಗೌಡರು ತಲೆಯ ಮೇಲೆ ಕೈ ಇಟ್ಟುಕೊಂಡರು. ದೊಡ್ಡ ಗೌಡರು ಮಾತ್ರ ತಲೆದೂಗಿದರು. "ಲೆಕ್ಕದ ಮೇಷ್ಟ್ರು ಲೆಕ್ಕ ನೋಡದೆ ಕಣ್ಣು ಮುಚ್ಚಬೇಕಾದರೆ ಎಂಬತ್ತು ಖಂಡಿತ ಆಗಿರಬೇಕು. ವೇಗದಲ್ಲಿ ಪಾಸು."

೩. ಎರಡು ಪುಟಗಳು

ಅರ್ಧ ಗೆದ್ದ ಹುರುಪಿನಲ್ಲಿ ಸಣ್ಣ ಗೌಡರು ಪುಸ್ತಿಕೆಯನ್ನು ತಂದೆಯ ಮುಂದೆ ಹರಡಿದರು. "ನೋಡಿ ಅಪ್ಪ, ಎಂಬತ್ತು ಸರಿಯಾಗಿದ್ದ ಮೇಲೆ ನಲವತ್ತೂ ಸರಿಯೇ ತಾನೇ? ಎರಡನ್ನೂ ಬರೆದವರು ಒಬ್ಬರೇ."

ದೊಡ್ಡ ಗೌಡರಿಗೆ ಇಂಗ್ಲಿಷ್ ಬಾರದು, ಚಿತ್ರ ಬರುತ್ತದೆ. ವೇಗದ ಪುಟದಲ್ಲಿ ಒಬ್ಬ ಯುವಕ ಹಲ್ಲು ಕಚ್ಚಿ, ಕೂದಲು ಹಾರಿಸಿಕೊಂಡು ಹೋಗುತ್ತಿದ್ದ. ಉಳಿತಾಯದ ಪುಟದಲ್ಲಿ ಒಬ್ಬ ಮುದುಕ ಬಾಯಲ್ಲಿ ಪೈಪು ಇಟ್ಟುಕೊಂಡು ಹೂವಿನ ತೋಟ ನೋಡುತ್ತಾ ಹೋಗುತ್ತಿದ್ದ.

"ಎಂಬತ್ತರಲ್ಲಿ ಓಡುವಾಗಲೂ ನಲವತ್ತು ಕೊಡ್ತದಾ?" ಎಂದು ನನ್ನನ್ನು ಕೇಳಿದರು.

"ಹಾಗೆಂದು ಎಲ್ಲೂ ಬರೆದಿಲ್ಲ. ಒಂದು ಈ ಪುಟದಲ್ಲಿ, ಇನ್ನೊಂದು ಆ ಪುಟದಲ್ಲಿ."

"ಗೊತ್ತಾಯಿತು. ನಾನು ಹೆಣ್ಣು ನೋಡಲು ಹೋದಾಗಲೂ ಹೀಗೇ ಮಾಡಿದರು. ಹಾಡಿದವಳು ಒಬ್ಬಳು, ಅಡಿಗೆ ಮಾಡಿದವಳು ಇನ್ನೊಬ್ಬಳು."

ಒಳಗಿನಿಂದ ಗೌಡತಿಯವರ ದನಿ ಬಂತು. "ನಿಮಗೆ ಎರಡರಲ್ಲಿ ಯಾವುದು ಸಿಕ್ಕಿತು ಅಂತಲೂ ಮೇಷ್ಟ್ರಿಗೆ ಹೇಳಿ."

ದೊಡ್ಡ ಗೌಡರು ಪುಸ್ತಿಕೆಯನ್ನು ಮಡಚಿ ಮಗನ ಕೈಗೆ ಕೊಟ್ಟರು.

೪. ಕಾಫಿಯ ಮೈಲೇಜು

ನಲವತ್ತನ್ನು ರುಜುವಾತು ಮಾಡಲು ವಿರಾಜಪೇಟೆಗೆ ಹೋಗಿ ಬರುವುದೆಂದಾಯಿತು. ಟ್ಯಾಂಕು ಕಂಠದವರೆಗೆ ತುಂಬಿಸುವುದು, ಬಂದ ಮೇಲೆ ಮತ್ತೆ ತುಂಬಿಸಿ ಎಷ್ಟು ಹಿಡಿಯಿತೆಂದು ನೋಡುವುದು. ವಿಧಾನ ನಿರ್ದೋಷವಾಗಿತ್ತು. ಕೊಡಗಿನಲ್ಲಿ ಅದನ್ನು ಮಾಡಲು ಹೊರಟದ್ದೇ ದೋಷ.

ಗುರುತಿನವರ ಮನೆಯ ಮುಂದೆ ಕಾರಿನಲ್ಲಿ ಹಾದುಹೋಗಿ ಒಳಗೆ ಹೋಗದಿದ್ದರೆ ಅದು ಜಗಳವೆಂದೇ ಲೆಕ್ಕ. ಮುಚ್ಚಿದ ಕಾರಾದರೆ ಮುಖ ತಗ್ಗಿಸಿ ಹೋಗಬಹುದು. ಇದು ತೆರೆದ ಕಾರು, ಅದರಲ್ಲೂ ಕೆಂಪು. ಮೂರ್ನಾಡು ಮುಟ್ಟುವ ಮೊದಲೇ ಒಬ್ಬ ಚಿಕ್ಕಪ್ಪ ಗೇಟಿನಲ್ಲಿ ನಿಂತು ಕೈ ಅಡ್ಡ ಹಿಡಿದರು. "ಎಂತ, ದೊಡ್ಡ ಮನುಷ್ಯ ಆದೆಯಾ? ಕಾಫಿ ಕುಡಿಯದೆ ಹೋಗ್ತೀಯಾ?"

ಒಳಗೆ ಹೋದೆವು. ಆದರೆ ಅಷ್ಟು ದಿನದ ಪರೀಕ್ಷೆಯಲ್ಲಿ ಆ ಕಾರಿನ ಬ್ಯಾಟರಿ ಸೊರಗಿತ್ತು. ಎಂಜಿನ್ ಆಫ್ ಮಾಡಿದರೆ ಮತ್ತೆ ಎಬ್ಬಿಸಲು ತೋಟದ ಲೈನುಮನೆಗಳಿಂದ ಆಳುಗಳನ್ನು ಕರೆದು ತಳ್ಳಿಸಬೇಕು. ಆದ್ದರಿಂದ ನಾವು ಒಳಗೆ ಕಾಫಿ ಕುಡಿಯುವಾಗ ಕಾರು ಹೊರಗೆ ಪೆಟ್ರೋಲು ಕುಡಿಯುತ್ತಿತ್ತು. ಕಾಫಿಯ ಜೊತೆಗೆ ಕಡುಬು ಬಂತು, ಕಡುಬಿನ ಜೊತೆಗೆ ಅಜ್ಜಿ ಬಂದರು, ಅಜ್ಜಿಯ ಜೊತೆಗೆ ಸಂಬಂಧಗಳ ವಿಚಾರಣೆ ಬಂತು. ಅಂಗಳದಲ್ಲಿ ಕಾರು ಗುಡುಗುಡು ಎನ್ನುತ್ತಲೇ ಇತ್ತು. ಮುಂದಿನ ಮನೆಯಲ್ಲಿ ಭಾವ, ಅದರಾಚೆ ಅತ್ತೆ, ಅದರಾಚೆ ಅತ್ತೆಯ ಭಾವ. ಅತ್ತೆಯವರು, "ಪಾಪ, ಅದಕ್ಕೂ ಹಸಿವಾಗಿರಬೇಕು, ಕೂಗ್ತಾ ಉಂಟು" ಎಂದರು.

ನಾವು ವಿರಾಜಪೇಟೆಯನ್ನು ನೋಡಲೇ ಇಲ್ಲ. ಊಟದ ಹೊತ್ತಿಗೆ ಅರ್ಧ ದಾರಿಯಿಂದ ಹಿಂದಿರುಗಿ ಟ್ಯಾಂಕು ತುಂಬಿಸಿದೆವು. ನಾನು ಎರಡೆರಡು ಸಲ ಭಾಗಿಸಿದೆ. ಗ್ಯಾಲನ್‌ಗೆ ಹನ್ನೊಂದು ಮೈಲಿ.

"ಆದರೆ ನಮ್ಮ ಕಡೆಯಿಂದ ನೋಡಿದರೆ," ಎಂದು ಶಿಷ್ಯನ ಪರವಾಗಿ ಸೇರಿಸಿದೆ, "ಒಂದು ಲೋಟ ಕಾಫಿಗೆ ಎರಡು ಮೈಲಿ ಬಂದಿದೆ."

"ಹಾಗೆ ಹೇಳಿ ಮತ್ತೆ!" ಎಂದರು ದೊಡ್ಡ ಗೌಡರು. "ಕಾಫಿಯಲ್ಲಿ ಓಡುವ ಗಾಡಿಯಾದರೆ ಎರಡು ತೆಗೆಯುವ. ಅದು ನಮ್ಮಲ್ಲೇ ಬೆಳೀತದೆ."

೫. ಒಂದೇ ಗ್ಯಾಲನ್

ದೊರೆಗಳು ಹೊರಡುವ ದಿನ ಹತ್ತಿರ ಬಂತು. ಸಣ್ಣ ಗೌಡರು ಕೊನೆಯ ಅವಕಾಶ ಬೇಡಿದರು. ಈ ಸಲ ನಿಯಮವನ್ನು ದೊಡ್ಡ ಗೌಡರೇ ಮಾಡಿದರು. ಮಡಿಕೇರಿಯಿಂದ ಕುಶಾಲನಗರಕ್ಕೆ ಹೋಗಿ ಬಂದರೆ ಹೆಚ್ಚುಕಡಿಮೆ ನಲವತ್ತು ಮೈಲಿ. ಬರಿದಾದ ಟ್ಯಾಂಕಿಗೆ ಒಂದೇ ಗ್ಯಾಲನ್ ಹಾಕುವುದು. ಇಳಿಯುವಾಗ ಎಂಜಿನ್ ಆಫ್ ಮಾಡಬಾರದು. ಯಾರ ಮನೆಗೂ ನುಗ್ಗಬಾರದು. ಜೊತೆಗೆ ಪೆಟ್ರೋಲಿನ ಡಬ್ಬಿ ಇಟ್ಟುಕೊಳ್ಳಬಾರದು. ಮಡಿಕೇರಿ ಮುಟ್ಟಿದರೆ ಕಾರು, ದಾರಿಯಲ್ಲಿ ನಿಂತರೆ ಜೀಪು. "ನಾನೇ ಕೂತು ನೋಡ್ತೇನೆ" ಎಂದರು.

ಸೀಟು ಎರಡೇ. ಒಂದರಲ್ಲಿ ಮಗ, ಇನ್ನೊಂದರಲ್ಲಿ ಬಿಳಿ ಅಂಗಿ ತೊಟ್ಟ ಅಪ್ಪ. ಹಿಂದೆ, ಮಳೆಗೆ ಹೊದಿಸುವ ಕ್ಯಾನ್ವಾಸ್ ಮಡಚಿಡುವ ಗೂಡಿನಲ್ಲಿ ನ್ಯಾಯಾಧೀಶ, ಅಂದರೆ ನಾನು.

ಹೋಗುವಾಗ ಸಣ್ಣ ಗೌಡರು ಮೊಟ್ಟೆಯ ಬುಟ್ಟಿ ಹೊತ್ತವರಂತೆ ಓಡಿಸಿದರು. ಒಂದು ಸೈಕಲ್ಲು ನಮ್ಮನ್ನು ಹಿಂದೆ ಹಾಕಿತು. ಕುಶಾಲನಗರ ಮುಟ್ಟಿ ತಿರುಗಿಸಿದೆವು. ಸುಂಟಿಕೊಪ್ಪದವರೆಗೂ ಎಲ್ಲ ಸರಿಯಾಗಿತ್ತು. ಸಣ್ಣ ಗೌಡರು ಸಿಳ್ಳೆ ಹಾಕಲು ಶುರು ಮಾಡಿದ್ದರು. ಆಗ ಹಿಂದಿನಿಂದ ಒಂದು ದೊಡ್ಡ ಹೊಸ ಕಾರು ಬಂದು ಪೋಂ ಎಂದು ನಮ್ಮನ್ನು ದಾಟಿ, ಕೆಂಪು ಧೂಳನ್ನೆಲ್ಲ ನಮ್ಮ ತಲೆಯ ಮೇಲೆ ಸುರಿದು ಹೋಯಿತು.

ಅದು ಗೌಡತಿಯವರ ಅಣ್ಣ, ಮಾದಾಪುರದ ಭಾವನವರದು. ದೊಡ್ಡ ಗೌಡರಿಗಿಂತ ಎರಡು ಏಲಕ್ಕಿ ಗಿಡ ಹೆಚ್ಚು ಬೆಳೆದರೂ ಅದನ್ನು ಮದುವೆ ಚಪ್ಪರದಲ್ಲಿ ಹೇಳುವ ಮನುಷ್ಯ. ಹೊಸ ಕಾರು ಬಂದ ಮೇಲೆ ಏಲಕ್ಕಿಯ ಮಾತು ಬಿಟ್ಟು ಕಾರಿನ ಮಾತು ಹಿಡಿದಿದ್ದರು.

ದೊಡ್ಡ ಗೌಡರು ಕಣ್ಣಿನ ಧೂಳು ಒರೆಸಿಕೊಂಡರು. ಅಂಗಿ ನೋಡಿಕೊಂಡರು. "ಮಗಾ, ಒತ್ತು."

"ಅಪ್ಪ, ಪೆಟ್ರೋಲು..."

"ಒತ್ತು ಅಂದರೆ ಒತ್ತು!"

ಸಣ್ಣ ಗೌಡರು ಒತ್ತಿದರು. ಆ ಏರುದಾರಿಯಲ್ಲಿ ಕಾರು ಬಿಲ್ಲು ಬಿಟ್ಟ ಬಾಣವಾಯಿತು. ಒಂದು ತಿರುವು, ಎರಡು ತಿರುವು. ಮೂರನೆಯದರಲ್ಲಿ ಭಾವನವರ ಪಕ್ಕಕ್ಕೆ ಬಂದು, ಮುಂದೆ ಹೋಗಿಯೇಬಿಟ್ಟೆವು. ದೊಡ್ಡ ಗೌಡರು ಎದ್ದು ನಿಂತು, ಗಾಜು ಹಿಡಿದುಕೊಂಡು, ಹಿಂದಕ್ಕೆ ತಿರುಗಿ ಕೈ ಬೀಸಿದರು. ನಾನೂ ಬೀಸಿದೆ. ನ್ಯಾಯಾಧೀಶರು ಹಾಗೆ ಮಾಡಬಾರದು.

ಸ್ವಲ್ಪ ದೂರ ಹೋದ ಮೇಲೆ ದೊಡ್ಡ ಗೌಡರು, "ನಿಲ್ಲಿಸು" ಎಂದರು.

"ಯಾಕಪ್ಪ?"

"ಅವರು ಮುಂದೆ ಹೋಗಲಿ. ಅವರು ನನ್ನ ಮುಖ ಸರಿಯಾಗಿ ನೋಡಿದರೋ ಇಲ್ಲವೋ. ಇನ್ನೊಮ್ಮೆ ಹಿಂದೆ ಹಾಕುವ."

ಭಾವನವರು ದಾಟಿದರು. ನಾವು ಮತ್ತೆ ಬೆನ್ನಟ್ಟಿ ಹಿಂದೆ ಹಾಕಿದೆವು. ಮತ್ತೆ ನಿಂತು, ಮತ್ತೆ ಬಿಟ್ಟು, ಮತ್ತೆ ಹಿಂದೆ ಹಾಕಿದೆವು. ದೊಡ್ಡ ಗೌಡರು ಬಾಗಿಲು ತಟ್ಟಿ ತಾಳ ಹಾಕುತ್ತಿದ್ದರು. ಸಣ್ಣ ಗೌಡರು ಒಂದು ಕಣ್ಣಿಂದ ರಸ್ತೆ, ಇನ್ನೊಂದು ಕಣ್ಣಿಂದ ಪೆಟ್ರೋಲು ಮುಳ್ಳು ನೋಡುತ್ತಿದ್ದರು.

ಬೋಯಿಕೇರಿ ಹತ್ತಿರ ಕಾರು ಎರಡು ಸಲ ಕೆಮ್ಮಿ ನಿಂತಿತು. ಮಡಿಕೇರಿ ಇನ್ನೂ ಮೇಲೆಲ್ಲೋ ಇತ್ತು. ಸಣ್ಣ ಗೌಡರು ಸ್ಟೀರಿಂಗನ್ನು ಕೊನೆಯ ಸಲವೆಂಬಂತೆ ಸವರುತ್ತಿದ್ದರು. ಅವರ ಪಾಲಿಗೆ ಆ ಕಾರು ಅಷ್ಟು ಹೊತ್ತಿಗೆ ಜೀಪಾಗಿತ್ತು.

ಭಾವನವರು ಬಂದರು, ನಿಲ್ಲಿಸಿದರು, ಇಳಿದರು. ಕೈ ಹಿಂದೆ ಕಟ್ಟಿಕೊಂಡು ಕೆಂಪು ಕಾರಿಗೆ ಒಂದು ಸುತ್ತು ಬಂದರು.

"ಯಾರದು ಭಾವ, ಗಾಡಿ?"

ದೊಡ್ಡ ಗೌಡರು ಅಂಗಿಯ ಧೂಳು ಕೊಡವಿಕೊಂಡರು. "ನಮ್ಮದೇ."

ಸಣ್ಣ ಗೌಡರು ತಟ್ಟನೆ ತಂದೆಯ ಮುಖ ನೋಡಿದರು. ಒಂದು ಕಾರು ಅಷ್ಟು ಮೆಲ್ಲಗಿನ ದನಿಯಲ್ಲಿ ಕೈ ಬದಲಾಯಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಓಟ ಏನೋ ಉಂಟು," ಎಂದರು ಭಾವನವರು. "ಆದರೆ ಇಂಥದ್ದು ತುಂಬ ಕುಡೀತದೆ ಅಂತಾರೆ. ಗ್ಯಾಲನ್‌ಗೆ ಎಷ್ಟು ಕೊಡ್ತದೆ?"

"ನಲವತ್ತು."

ಭಾವನವರು ಖಾತ್ರಿಗಾಗಿ ನನ್ನ ಕಡೆ ನೋಡಿದರು. ನಾನು ರಸ್ತೆ ಬದಿಯ ಕಾಫಿ ಗಿಡಗಳನ್ನು ಬಹಳ ಆಸಕ್ತಿಯಿಂದ ನೋಡಿದೆ.

"ನಲವತ್ತು ಕೊಡುವ ಗಾಡಿ ಇಲ್ಲಿ ಯಾಕೆ ನಿಂತಿದೆ?"

"ನೀವು ಬರಲಿ ಅಂತ ಕಾಯ್ತಾ ಇದ್ದೇವೆ," ಎಂದರು ದೊಡ್ಡ ಗೌಡರು. "ಈ ಗಾಡಿಯದ್ದು ಅದೊಂದೇ ತೊಂದರೆ ಭಾವ, ನೆಂಟರೆಲ್ಲ ಹಿಂದೆ ಉಳಿದುಬಿಡ್ತಾರೆ."